ಮೆತ್ತಗಿನ ಪಿನ್ನು

ಮುರಿಯಲೆಂದೇ ಮಾಡಿದ ವಸ್ತು ಮುರಿದಾಗ ಅದು ಕೆಟ್ಟಿತೆನ್ನಬೇಕೆ, ತನ್ನ ಕೆಲಸ ಮಾಡಿತೆನ್ನಬೇಕೆ? ಕೇಳುವುದಕ್ಕೆ ತರ್ಕದ ಕಸರತ್ತಿನಂತಿದೆ. ಆದರೆ ಯಂತ್ರಶಾಲೆಗಳಲ್ಲಿ ಈ ಪ್ರಶ್ನೆ ದಿನನಿತ್ಯದ್ದು.

ಮಿಲ್ಲಿಂಗ್ ಯಂತ್ರವನ್ನು ನೋಡದವರಿಗಾಗಿ ಒಂದು ಮಾತು. ತಿರುಗುತ್ತಿರುವ ಕಟ್ಟರಿನ ಕೆಳಗೆ, ಲೋಹದ ತುಂಡನ್ನು ಹೊತ್ತ ಮೇಜು ಮೆಲ್ಲಗೆ ಸರಿಯಬೇಕು. ಹಾಗೆ ಸರಿಸುವುದು ಫೀಡ್ ಗೇರ್‌ಬಾಕ್ಸು. ಅದರೊಳಗೆ ಗಟ್ಟಿ ಉಕ್ಕಿನ ವರ್ಮು, ಅದು ತಿರುಗಿಸುವ ಕಂಚಿನ ಚಕ್ರ. ಕೆಲವು ಯಂತ್ರಗಳಲ್ಲಿ ಭಾರ ಹೆಚ್ಚಾದರೆ ಜಾರುವ ಕ್ಲಚ್ಚಿರುತ್ತದೆ. ಕೆಲವದರಲ್ಲಿ ಒಂದು ಸಣ್ಣ, ಮೆತ್ತಗಿನ ಷಿಯರ್ ಪಿನ್ನು. ಮಿತಿ ಮೀರಿದೊಡನೆ ಪಿನ್ನು ತುಂಡಾಗುತ್ತದೆ, ಮೇಜು ನಿಲ್ಲುತ್ತದೆ, ಉಳಿದುದೆಲ್ಲ ಉಳಿಯುತ್ತದೆ.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಥ ಪಿನ್ನು ಒಂದೇ ವಾರದಲ್ಲಿ ಮೂರು ಬಾರಿ ಮುರಿದಾಗ ನಾನಲ್ಲಿದ್ದೆ. ಮಾಲೀಕರಿಗೆ ರೇಗಿತು. "ಮುರಿದ ಡ್ರಿಲ್ಲಿನ ಬುಡ ಕತ್ತರಿಸಿ ಹಾಕಿಬಿಡಿ. ಹೇಗೆ ಮುರಿಯುತ್ತೋ ನೋಡೋಣ" ಎಂದರು.

"ಅದು ಮುರಿಯೋಲ್ಲ ಸಾರ್. ಆಮೇಲೆ ಮುರಿಯೋದು ಬೇರೆ" ಎಂದರು ವಯಸ್ಸಾದ ಫಿಟ್ಟರು.

ಅವರು ಗೇರ್‌ಬಾಕ್ಸನ್ನು ಮೊದಲು ಬಿಚ್ಚಲಿಲ್ಲ. ಫೀಡನ್ನು ಬಿಡಿಸಿ ಮೇಜನ್ನು ಹಿಡಿಯಿಂದ ಈ ತುದಿಯಿಂದ ಆ ತುದಿಗೆ ಓಡಿಸಿದರು. ನಡುವೆ ಸಲೀಸು, ಎರಡು ತುದಿಗಳಲ್ಲೂ ಬಿಗಿ. ಕೆಲಸವೆಲ್ಲ ನಡುಭಾಗದಲ್ಲೇ ನಡೆಯುವುದರಿಂದ ಮೇಜಿನ ಹಳಿ ಅಲ್ಲಿಯೇ ಸವೆದಿತ್ತು. ಆ ಅಲುಗಾಟವನ್ನು ಮರೆಸಲು ಯಾರೋ ಗಿಬ್ ಪಟ್ಟಿಯನ್ನು ಬಿಗಿದಿದ್ದರು. ಆಮೇಲೆ ಎಣ್ಣೆ ಇಳಿಸಿ ಅಂಗೈಯಲ್ಲಿ ಹಿಡಿದು ಬೆಳಕಿಗೆ ತೋರಿಸಿದರು: ಹಳದಿ ಮಿನುಗು. ಕಂಚಿನ ಚಕ್ರದ ಹಲ್ಲು ಆಗಲೇ ಸವೆಯತೊಡಗಿತ್ತು. ಅಷ್ಟೂ ಉಕ್ಕಿನಲ್ಲಿ ನಿಜ ಹೇಳುತ್ತಿದ್ದುದು ಆ ಪಿನ್ನೊಂದೇ. ಬೈಗುಳ ಬಿದ್ದುದೂ ಅದಕ್ಕೇ.

ಇಲ್ಲಿ ನನಗೊಂದು ಅಳುಕಿದೆ. ಲೋಹಕ್ಕೆ ನೋವಿಲ್ಲ, ಮನುಷ್ಯನಿಗಿದೆ. ಯಾವ ಮನೆಯಲ್ಲೂ ಯಾವ ಕಚೇರಿಯಲ್ಲೂ "ನನ್ನಿಂದಾಗದು" ಎಂದು ಮೊದಲು ಕೂಗುವವನೊಬ್ಬನಿರುತ್ತಾನೆ. ಮುರಿಯುವುದೇ ನಿನ್ನ ಧರ್ಮವೆಂದು ಅವನಿಗೆ ಉಪದೇಶಿಸುವುದು ಶುದ್ಧ ಕ್ರೌರ್ಯ. ಆದರೆ ಅವನನ್ನು ಕಳುಹಿಸಿ, ಸದ್ದಿಲ್ಲದೆ ಸಹಿಸುವವನೊಬ್ಬನನ್ನು ತಂದು ನಿಲ್ಲಿಸಿ ರಿಪೇರಿಯಾಯಿತೆಂದು ಕೈತೊಳೆದುಕೊಳ್ಳುತ್ತೇವಲ್ಲ, ಅದಕ್ಕೇನೆನ್ನೋಣ? ಡ್ರಿಲ್ಲಿನ ಬುಡ ಹಾಕುವುದಕ್ಕೂ ಇದಕ್ಕೂ ನನಗೆ ಹೆಚ್ಚು ಅಂತರ ಕಾಣದು. ತಾಳಿದವನು ಬಾಳಿಯಾನು ಎಂಬ ಗಾದೆಯ ಮೇಲೆ ನನಗೆ ಗೌರವವುಂಟು. ಭಾರ ಹೇರಿದವರು ಯಾರೆಂದು ಮಾತ್ರ ಅದು ಕೇಳುವುದಿಲ್ಲ.

ಸದ್ದಡಗಿಸಿದವನೇ ಯಾವಾಗಲೂ ಅಪರಾಧಿಯೆಂದೂ ಹೇಳಲಾರೆ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1831ರ ಜೂನ್‌ನಲ್ಲಿ 'ಬೆಸ್ಟ್ ಫ್ರೆಂಡ್ ಆಫ್ ಚಾರ್ಲ್ಸ್‌ಟನ್' ಎಂಬ ರೈಲು ಎಂಜಿನ್ನಿನ ಬಾಯ್ಲರು ಸಿಡಿಯಿತು. ಉಗಿ ಹೆಚ್ಚಾದಾಗ ಹೊರಬಿಡುವ ರಕ್ಷಣಾ ಕವಾಟದ ಬುಸುಗುಟ್ಟುವಿಕೆಯನ್ನು ಸಹಿಸಲಾರದೆ ಬೆಂಕಿ ಹಾಕುವ ಆಳು ಅದನ್ನು ಅದುಮಿಬಿಟ್ಟನೆಂದು ಹೇಳುತ್ತಾರೆ. ಸತ್ತವನು ಅವನೇ, ತಪ್ಪು ಹೊತ್ತವನೂ ಅವನೇ. ಆ ಕಿವಿಗಡಚಿಕ್ಕುವ ಸದ್ದಿನ ಪಕ್ಕದಲ್ಲಿ ನಿಂತು ಉರಿ ಹಾಕಬೇಕಾಗಿದ್ದವನೂ ಅವನೇ ಅಲ್ಲವೆ?