ಉಪನಿಧಿಯೂ ಬೀಗದ ಕೈಯೂ

ಮನುಷ್ಯನು ತನ್ನ ಸೊತ್ತನ್ನು ಪರರ ಮನೆಯಲ್ಲಿ ಇರಿಸುವುದು ಹೊಸ ಪದ್ಧತಿಯಲ್ಲ. ಯಾತ್ರೆಗೆ ಹೊರಡುವವರು ಒಡವೆಯ ಗಂಟನ್ನು ನಂಬಿಕೆಯ ವರ್ತಕನಲ್ಲಿಟ್ಟು ಹೋಗುತ್ತಿದ್ದ ಕಾಲದಿಂದಲೂ ಅದು ನಡೆದುಬಂದಿದೆ. ಈಗ ನಮ್ಮ ಮನೆಗಳ ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ವೈದ್ಯರ ವರದಿ, ಸ್ನೇಹಿತರ ಪತ್ರ, ಇವೆಲ್ಲವೂ ಕಡತಗಳ ರೂಪವನ್ನು ತಾಳಿ ಅಂತರ್ಜಾಲದ ಕ್ಲೌಡ್ ಭಂಡಾರಗಳನ್ನು ಸೇರಿವೆ. ಮೇಘವೆಂದು ಹೆಸರಾದರೂ ಅದು ಆಕಾಶದಲ್ಲಿರತಕ್ಕದ್ದಲ್ಲ. ಯಾವುದೋ ಸಂಸ್ಥೆಯವರ ಕಟ್ಟಡದಲ್ಲಿ ಸಾಲಾಗಿ ನಿಂತ ಯಂತ್ರಗಳಷ್ಟೆ. ಅಲ್ಲಿಟ್ಟ ಕಡತಕ್ಕೆ ನಾವು ಪಾಸ್‌ವರ್ಡಿನ ಬೀಗವನ್ನು ಹಾಕಬೇಕೆ? ಹಾಕಿದರೆ ಅದರ ಕೈ ಯಾರಲ್ಲಿರಬೇಕು? ಮೇಲುನೋಟಕ್ಕೆ ಇದು ಯಂತ್ರಶಾಸ್ತ್ರದ ಪ್ರಶ್ನೆ. ವಿಚಾರಿಸಿದರೆ ಧರ್ಮದ ಪ್ರಶ್ನೆಯೂ ಹೌದು.

ನಮ್ಮ ಸ್ಮೃತಿಕಾರರು ಇಂತಹ ವಿಷಯವನ್ನು ಸೂಕ್ಷ್ಮವಾಗಿ ಚಿಂತಿಸಿದ್ದರು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ಎರಡು ಬಗೆಯ ಇಡುಗಂಟುಗಳ ಭೇದವನ್ನು ಕಾಣಬಹುದು. ಎಣಿಸಿ ತೋರಿಸಿ ಒಪ್ಪಿಸಿದ್ದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಗೆ ಮುದ್ರೆಯನ್ನೊತ್ತಿ ಒಪ್ಪಿಸಿದ್ದು ಉಪನಿಧಿ. ಇದನ್ನು ಮುದ್ರೆಯನ್ನೊಡೆಯದೆ ಇದ್ದಂತೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾದುದಿಲ್ಲ. ಹೀಗಿರುವಲ್ಲಿ ಮುದ್ರೆಯ ಎಚ್ಚರಿಕೆಯು ಇಟ್ಟವನದೇ ಆಯಿತು.

ಈ ಭೇದವು ಇಂದಿಗೂ ಹೊಂದುತ್ತದೆ. ಭಂಡಾರದ ಖಾತೆಗೆ ನಾವು ಕೊಡುವ ಪಾಸ್‌ವರ್ಡು ಬಾಗಿಲಿನ ಬೀಗ ಮಾತ್ರ. ಸಾಮಾನ್ಯವಾಗಿ ಅದರ ಇನ್ನೊಂದು ಕೈ ಭಂಡಾರದವರಲ್ಲಿಯೂ ಇರುತ್ತದೆ. ೨೦೧೧ನೆಯ ಇಸವಿ ಜೂನ್ ತಿಂಗಳಲ್ಲಿ ಡ್ರಾಪ್‌ಬಾಕ್ಸ್ ಎಂಬ ಭಂಡಾರದಲ್ಲಿ ಒಂದು ತಪ್ಪಿನಿಂದಾಗಿ, ಸುಮಾರು ನಾಲ್ಕು ಗಂಟೆಗಳ ಕಾಲ, ಯಾವ ಪಾಸ್‌ವರ್ಡನ್ನು ಕೊಟ್ಟರೂ ಖಾತೆಗಳು ತೆರೆದುಕೊಳ್ಳುವಂತಾಗಿತ್ತು. ಕಡತವನ್ನು ಕಳುಹಿಸುವುದಕ್ಕೆ ಮುಂಚೆಯೇ ತನ್ನ ಯಂತ್ರದಲ್ಲಿ ಗೂಢಲಿಪಿಗೆ ತಿರುಗಿಸಿ ಬೀಗ ಹಾಕಿದವನ ಸ್ಥಿತಿ ಬೇರೆ. ಬಾಗಿಲು ತೆರೆದರೂ ಅವನ ಪೆಟ್ಟಿಗೆಯು ಮುಚ್ಚಿಯೇ ಇರುತ್ತದೆ. ಅದೇ ಈ ಕಾಲದ ಉಪನಿಧಿ.

ಇಲ್ಲಿ ಒಂದು ಆಕ್ಷೇಪವನ್ನು ಕೇಳುತ್ತೇವೆ. ಸಚ್ಚರಿತನಾದವನಿಗೆ ಮುಚ್ಚಿಡುವುದೇನಿದೆ? ಬೀಗವು ಕಳ್ಳತನಕ್ಕೋ ಅಪನಂಬಿಕೆಗೋ ಗುರುತಲ್ಲವೆ? ಇದಕ್ಕೆ ನ್ಯಾಯಾಲಯದ ಸಮಾಧಾನವೊಂದುಂಟು. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ವ್ಯಾಜ್ಯದಲ್ಲಿ, ೨೦೧೭ನೆಯ ಇಸವಿ ಆಗಸ್ಟ್ ೨೪ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತವಾದ ಹಕ್ಕೆಂದು ಏಕಮತದಿಂದ ತೀರ್ಪಿತ್ತರು. ಆದರೆ ನಮ್ಮ ಮನಸ್ಸಿಗೆ ಇದಕ್ಕಿಂತಲೂ ಆಳವಾಗಿ ತೋರುವ ಸಮಾಧಾನವು ಬೇರೆಯಿದೆ. ನಮ್ಮ ಕಡತಗಳಲ್ಲಿ ಇರುವುದು ನಮ್ಮ ಗುಟ್ಟು ಮಾತ್ರವಲ್ಲ. ಮಿತ್ರನು ನಂಬಿ ಬರೆದ ದುಃಖ, ಸೋದರಿಯ ರೋಗದ ವಿವರ, ನೆರೆಯವನ ಸಾಲ, ಇವೂ ಅಲ್ಲಿವೆ. ಅವರು ನಂಬಿದ್ದು ನಮ್ಮನ್ನು, ಭಂಡಾರದವರನ್ನಲ್ಲ. ಆದಕಾರಣ ಬೀಗವು ನಮ್ಮ ಹಕ್ಕಾಗುವುದಕ್ಕಿಂತ ಮೊದಲು ಅವರಿಗೆ ನಾವು ಸಲ್ಲಿಸತಕ್ಕ ಋಣವಾಗಿದೆ.

ಇಷ್ಟಕ್ಕೇ ವಿಚಾರವು ಮುಗಿಯುವುದಾದರೆ ಈ ಲೇಖನದ ಅವಶ್ಯಕತೆಯೇ ಇರಲಿಲ್ಲ. ನಮ್ಮ ಪರಿಚಯದ ಒಬ್ಬ ನಿವೃತ್ತ ಉಪಾಧ್ಯಾಯರಿದ್ದರು. ಕೇರಿಯ ಬಡವರು ಹಲವರು ತಮ್ಮ ಉಳಿತಾಯವನ್ನು ಅವರಲ್ಲಿ ಇಡುತ್ತಿದ್ದರು. ಯಾರ ಬಡತನವೂ ಪರರ ಕಣ್ಣಿಗೆ ಬೀಳಬಾರದೆಂದು ಅವರು ಆ ಲೆಕ್ಕದ ಕಡತಕ್ಕೆ ದೀರ್ಘವಾದ ಪಾಸ್‌ವರ್ಡನ್ನು ಹಾಕಿ ಕ್ಲೌಡಿನಲ್ಲಿಟ್ಟಿದ್ದರು. ಒಂದು ರಾತ್ರಿ ಹೃದಯಾಘಾತದಿಂದ ತೀರಿಕೊಂಡರು. ಹಣವು ಬ್ಯಾಂಕಿನಲ್ಲಿತ್ತು; ಲೆಕ್ಕವು ಪೆಟ್ಟಿಗೆಯಲ್ಲಿತ್ತು; ಕೈ ಅವರೊಡನೆಯೇ ಹೋಯಿತು. ಅವರ ಪತ್ನಿಯು ಬಂದವರು ಹೇಳಿದಷ್ಟನ್ನು ನಂಬಿ ಕೊಟ್ಟರು. ಕೊನೆಗೆ ಬಂದ ಮುದುಕಿಯೊಬ್ಬಳು, "ಅಮ್ಮಾ, ಎಷ್ಟಾಯಿತೋ ನನಗೆ ನೆನಪಿಲ್ಲ, ಮೇಷ್ಟ್ರಿಗೇ ಗೊತ್ತು" ಎಂದಳು. ಆ ಮಾತಿಗೆ ಉತ್ತರವೇ ಇರಲಿಲ್ಲ.

ಬೀಗವನ್ನು ಒಡೆಯಬಾರದಿತ್ತೆ ಎಂದರೆ, ಅದು ಮರದ ಬೀರುವಲ್ಲ. ಗೂಢಲಿಪಿಗೆ ಈಗ ಬಳಸುವ ೨೫೬ ಬಿಟ್‌ಗಳ ಕೀಲಿಯಲ್ಲಿ ಸಾಧ್ಯವಾದ ಬಗೆಗಳನ್ನು ಎಣಿಸಿದರೆ ೭೮ ಅಂಕಿಗಳ ಸಂಖ್ಯೆಯಾಗುತ್ತದೆ. ಚಿಕ್ಕ ಪಾಸ್‌ವರ್ಡಾದರೆ ಊಹೆಗೆ ಸಿಕ್ಕೀತು. ಉಪಾಧ್ಯಾಯರು ಅಂತಹ ಅಜಾಗರೂಕರಾಗಿರಲಿಲ್ಲ. ಅವರ ಎಚ್ಚರಿಕೆಯೇ ಅವರ ಧರ್ಮಕ್ಕೆ ಅಡ್ಡವಾಯಿತು. ಅವರು ಭಂಡಾರದಲ್ಲಿ ಉಪನಿಧಿಯನ್ನಿಟ್ಟವರು ಮಾತ್ರವಲ್ಲ, ಬಡವರ ಇಡುಗಂಟನ್ನು ಕಾಯುವವರೂ ಆಗಿದ್ದರೆಂಬುದನ್ನು ಮರೆತರು. ನಾವೂ ಬಹುಮಂದಿ ಹಾಗೆಯೇ ಮರೆತಿದ್ದೇವೆ.

ಭಂಡಾರದವರು ಇದಕ್ಕೆ ಸ್ವಲ್ಪ ದಾರಿ ಮಾಡಿದ್ದಾರೆ. ಖಾತೆದಾರನು ತನ್ನ ತರುವಾಯದವರನ್ನು ಮುಂಚಿತವಾಗಿ ಹೆಸರಿಸುವ ಏರ್ಪಾಡನ್ನು ಗೂಗಲ್ ಸಂಸ್ಥೆಯು ೨೦೧೩ರಲ್ಲಿಯೂ ಆಪಲ್ ಸಂಸ್ಥೆಯು ೨೦೨೧ರಲ್ಲಿಯೂ ತಂದವು. ಆದರೆ ಇವು ಬಾಗಿಲನ್ನು ತೆರೆಯಬಲ್ಲವೇ ಹೊರತು ನಾವೇ ಹಾಕಿದ ಮುದ್ರೆಯನ್ನಲ್ಲ. ಆ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮರಣಶಾಸನದೊಡನೆ ನಂಬಿಕೆಯ ಒಬ್ಬರಲ್ಲಿ ಇರಿಸಬೇಕು. ಪಾಸ್‌ವರ್ಡು ಬದಲಾದಾಗ ಕಾಗದವೂ ಬದಲಾಗಬೇಕು. ತನ್ನೊಡನೆಯೇ ಅಳಿಯಬೇಕಾದ ಗುಟ್ಟೂ ಮನುಷ್ಯನಿಗೆ ಇರಬಹುದು. ಅದನ್ನು ಪ್ರತ್ಯೇಕವಾಗಿಡಲಿ, ಇಲ್ಲವೆ ಬದುಕಿರುವಾಗಲೇ ಅಳಿಸಲಿ. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂಬ ನಿರ್ಣಯವನ್ನು ಮೃತ್ಯುವಿನ ಪಾಲಿಗೆ ಬಿಡುವುದು ಗೃಹಸ್ಥಧರ್ಮವಲ್ಲ.

ನಮ್ಮ ಅಜ್ಜಿಯಂದಿರು ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಕಳಚುತ್ತಿರಲಿಲ್ಲ. ಮನೆಯವರನ್ನು ಅವರು ನಂಬದೆ ಇದ್ದರೆಂದು ಯಾರೂ ಆಡಿದ್ದಿಲ್ಲ. ಆದರೆ ಕೈಲಾಗದ ಕಾಲ ಬಂದಿತೆಂದು ತಿಳಿದ ದಿನ, ಸೊಸೆಯನ್ನು ಹತ್ತಿರ ಕರೆದು, ಯಾವುದು ಯಾವ ಪೆಟ್ಟಿಗೆಯದೆಂದು ಒಂದೊಂದಾಗಿ ಹೇಳಿ, ಗೊಂಚಲನ್ನು ಅವಳ ಕೈಗೆ ಕೊಡುತ್ತಿದ್ದರು. ಕಾಯುವುದೂ ಒಪ್ಪಿಸುವುದೂ ಅವರಿಗೆ ಒಂದೇ ಕೆಲಸವಾಗಿತ್ತು.