ಯಾರ ಕಿವಿಗೆ ಯಾವ ಭಾಷೆ?

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಒಂದು ಸಿನಿಮಾ ನೋಡುವ ರೂಢಿ ನಿಮ್ಮಲ್ಲಿ ಅನೇಕರಿಗಿದೆ. ಮಗ ಪೆನ್‌ಡ್ರೈವನ್ನು ಟಿ.ವಿ.ಗೆ ಸಿಕ್ಕಿಸುತ್ತಾನೆ, ಚಿತ್ರ ಇಂಗ್ಲಿಷಿನಲ್ಲಿ ಶುರುವಾಗುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಅಜ್ಜಿ ಎದ್ದು ಒಳಗೆ ಹೋಗುತ್ತಾರೆ. ಅಜ್ಜಿಗೆ ಸಿನಿಮಾ ಎಂದರೆ ಅಷ್ಟಕ್ಕಷ್ಟೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಇಷ್ಟವಾಗಲಿಲ್ಲವೋ, ಅರ್ಥವೇ ಆಗಲಿಲ್ಲವೋ ಎಂದು ಅವರನ್ನು ಕೇಳಿದವರು ಯಾರು?

ಈಗಿನ ವೀಡಿಯೊ ಫೈಲು ಹಿಂದಿನ ಕ್ಯಾಸೆಟ್ಟಿನಂತಲ್ಲ. ಎಂ.ಕೆ.ವಿ. ಎಂಬ ಬಗೆಯ ಒಂದೇ ಫೈಲಿನೊಳಗೆ ಒಂದು ಚಿತ್ರದ ಜೊತೆ ಹಲವು ಭಾಷೆಗಳ ಧ್ವನಿಯನ್ನೂ ಸಬ್‌ಟೈಟಲ್‌ಗಳನ್ನೂ ತುಂಬಿಡಬಹುದು. ಕಂಪ್ಯೂಟರಿನಲ್ಲಿ ಅನೇಕರು ಬಳಸುವ ವಿ.ಎಲ್.ಸಿ. ಪ್ಲೇಯರಿನಲ್ಲಿ 'ಆಡಿಯೊ ಟ್ರ್ಯಾಕ್' ಎಂಬ ಕಡೆ ನೋಡಿದರೆ ಒಳಗಿರುವ ಭಾಷೆಗಳ ಪಟ್ಟಿ ಕಾಣುತ್ತದೆ. ಕೀಲಿಮಣೆಯ 'ಬಿ' ಒತ್ತಿದರೆ ಧ್ವನಿಯ ಭಾಷೆ ಬದಲಾಗುತ್ತದೆ, 'ವಿ' ಒತ್ತಿದರೆ ಸಬ್‌ಟೈಟಲ್ ಬದಲಾಗುತ್ತದೆ. ಅಜ್ಜಿಯ ಭಾಷೆ ಆ ಫೈಲಿನಲ್ಲೇ ಇದ್ದು, ಒಂದು ಗುಂಡಿ ಒತ್ತುವವರಿಲ್ಲದೆ ಹೋಗಿರಬಹುದು.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ನಮ್ಮ ಎಷ್ಟೋ ಮನೆಗಳಲ್ಲಿ ಅಡಿಗೆಮನೆಗೆ ಕೊಂಕಣಿ, ಬೀದಿಗೆ ಕನ್ನಡ ಅಥವಾ ತುಳು, ಶಾಲೆಗೆ ಇಂಗ್ಲಿಷ್. ಬಂದ ಅತಿಥಿಯ ಎದುರಿಗೆ ಅವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡಬಾರದೆಂದು ಮಕ್ಕಳಿಗೆ ಹೇಳಿಕೊಡುವವರೂ ನಾವೇ. ಅತಿಥಿಗೆ ಸಲ್ಲುವ ಆ ಮರ್ಯಾದೆ ಮನೆಯ ಹಿರಿಯರಿಗೆ ಎರಡು ಗಂಟೆಯ ಕಾಲ ಸಲ್ಲಬಾರದೇಕೆ?

ಮಗನ ವಾದವನ್ನೂ ತಳ್ಳಿಹಾಕುವಂತಿಲ್ಲ. ನಟನ ಸ್ವಂತ ಧ್ವನಿ ತೆಗೆದರೆ ಅರ್ಧ ಅಭಿನಯವೇ ಹೋಯಿತು ಎನ್ನುತ್ತಾನೆ ಅವನು. 2004ರಲ್ಲಿ ಬಂದ 'ದಿ ಪ್ಯಾಶನ್ ಆಫ್ ದ ಕ್ರೈಸ್ಟ್' ನಿಮಗೆ ನೆನಪಿರಬಹುದು. ಅದರ ಮಾತುಗಳೆಲ್ಲ ಅರಮಾಯಿಕ್, ಲ್ಯಾಟಿನ್, ಹೀಬ್ರೂ ಭಾಷೆಗಳಲ್ಲಿ. ಸಬ್‌ಟೈಟಲ್ ಕೂಡ ಬೇಡವೆಂಬುದು ನಿರ್ದೇಶಕ ಮೆಲ್ ಗಿಬ್ಸನ್ ಅವರ ಮೊದಲ ವಿಚಾರವಾಗಿತ್ತು, ಕೊನೆಗೆ ಹಾಕಿದರು. ಇನ್ನೊಂದೆಡೆ 1979ರ 'ಜೀಸಸ್' ಚಿತ್ರ 2000ಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಒಂದು ಚಿತ್ರ ನೋಡುವವರನ್ನು ತನ್ನ ಕಾಲಕ್ಕೂ ಊರಿಗೂ ಕರೆಯುತ್ತದೆ, ಇನ್ನೊಂದು ತಾನೇ ಅವರ ಹಟ್ಟಿಗೆ ನಡೆದುಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಪ್ರಾಮಾಣಿಕ?

ಸಬ್‌ಟೈಟಲ್ಲೇ ಪ್ರಾಮಾಣಿಕವೆಂದು ಓದುಬರಹ ಬಲ್ಲವರು ಥಟ್ಟನೆ ಹೇಳುತ್ತೇವೆ. ಆದರೆ ತೆರೆಯ ಕೆಳಗೆ ಒಮ್ಮೆಗೆ ಹಿಡಿಸುವುದು ಸಾಮಾನ್ಯವಾಗಿ ಎರಡೇ ಸಾಲು, ಅದೂ ಕೆಲವೇ ಸೆಕೆಂಡು. ಹೀಗಾಗಿ ಅನುವಾದಕ ಮಾತನ್ನು ಕತ್ತರಿಸಲೇಬೇಕು. ಡಬ್ಬಿಂಗಿನವನಿಗೆ ತುಟಿಯ ಚಲನೆಯ ಕಟ್ಟು, ತುಟಿ ಮುಚ್ಚಿದಾಗ ಮುಚ್ಚುವ ಅಕ್ಷರವೇ ಬೇಕೆಂದು ಅವನು ಅರ್ಥವನ್ನು ತುಸು ಅತ್ತಿತ್ತ ಸರಿಸುತ್ತಾನೆ. ಇಬ್ಬರನ್ನೂ ಸುಳ್ಳುಗಾರರೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಾತನ್ನು ಮೊಟಕು ಮಾಡುವುದು ಬೇರೆ, ಹೇಳದ್ದನ್ನು ಹೇಳಿಸುವುದು ಬೇರೆ. ಅಂದಮೇಲೆ ಕಣ್ಣಿಗೆ ಪೊರೆ ಬಂದ ಅಜ್ಜಿಯನ್ನು, ಅಥವಾ ಅಕ್ಷರ ಕಲಿಯುವ ಅವಕಾಶವೇ ಸಿಗದ ಮನೆಗೆಲಸದಾಕೆಯನ್ನು ಮೂಲ ಧ್ವನಿಯ ಪಾವಿತ್ರ್ಯದ ಹೆಸರಿನಲ್ಲಿ ಹೊರಗಿಡುವುದು ನ್ಯಾಯವೇ? ಓದಲಾರದವರಿಗೆ ಡಬ್ಬಿಂಗ್ ಒಂದೇ ಬಾಗಿಲು.

ಕನ್ನಡದಲ್ಲಿ ಆ ಬಾಗಿಲು ದಶಕಗಳ ಕಾಲ ಮುಚ್ಚಿತ್ತೆಂಬುದನ್ನು ಮರೆಯಬಾರದು. ಕಾನೂನಿನ ನಿಷೇಧವೇನೂ ಇರಲಿಲ್ಲ, ಚಿತ್ರರಂಗವೇ ಒಗ್ಗಟ್ಟಾಗಿ ಡಬ್ಬಿಂಗನ್ನು ತಡೆದಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸರಿಯಲ್ಲವೆಂದು ಆದೇಶ ನೀಡಿತು. ಇಲ್ಲಿನ ಕಲಾವಿದರ, ಬರಹಗಾರರ ಅನ್ನದ ಪ್ರಶ್ನೆ ಹಗುರವಾದದ್ದಲ್ಲ. ಆದರೂ ಆ ಲೆಕ್ಕದಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದವರ ಪಾಲನ್ನು ಬರೆದವರು ಕಡಿಮೆ.

ಕನ್ನಡದ ಧ್ವನಿ ಇಲ್ಲದ ಚಿತ್ರಕ್ಕೆ ಸಬ್‌ಟೈಟಲ್ ಹುಡುಕಬೇಕಾಗುತ್ತದೆ. ಸಾಮಾನ್ಯವಾಗಿ ಅದು ಎಸ್.ಆರ್.ಟಿ. ಎಂಬ ಸಾದಾ ಅಕ್ಷರಗಳ ಫೈಲು. ಒಂದು ಅಂಕಿ, ಮಾತು ಶುರುವಾಗುವ ಮತ್ತು ಮುಗಿಯುವ ಸಮಯ, ಆಮೇಲೆ ಮಾತು, ಇಷ್ಟೇ. ಚಿತ್ರದ ಹೆಸರನ್ನೇ ಇದಕ್ಕೂ ಇಟ್ಟು ಅದೇ ಫೋಲ್ಡರಿನಲ್ಲಿಟ್ಟರೆ ಪ್ಲೇಯರು ತಾನಾಗಿ ಎತ್ತಿಕೊಳ್ಳುತ್ತದೆ. ಮಾತು ಹಿಂದುಮುಂದಾದರೆ ವಿ.ಎಲ್.ಸಿ.ಯಲ್ಲಿ 'ಜಿ', 'ಎಚ್' ಒತ್ತಿ ಸರಿಪಡಿಸಬಹುದು. ಕನ್ನಡ ಅಕ್ಷರಗಳ ಬದಲು ಚಿತ್ರವಿಚಿತ್ರ ಗುರುತು ಬಂದರೆ ಫೈಲನ್ನು ಯು.ಟಿ.ಎಫ್.-8 ರೂಪದಲ್ಲಿ ಉಳಿಸಿ ನೋಡಿ. (ಚಿತ್ರವೇ ಕದ್ದದ್ದಾದರೆ ಅದಕ್ಕೆ ಸಬ್‌ಟೈಟಲ್ ಹುಡುಕುವ ಮೊದಲು ಯೋಚಿಸಬೇಕಾದದ್ದು ಇನ್ನೂ ಇದೆ!) ಕನ್ನಡದ್ದು ಸಿಗದೇ ಹೋದರೆ ಮಗನೇ ಪಕ್ಕದಲ್ಲಿ ಕುಳಿತು, ಆಗಾಗ ಚಿತ್ರ ನಿಲ್ಲಿಸಿ, ಕಥೆ ಹೇಳಲಿ. ಓಟ ಕೆಡುತ್ತದೆ, ನಿಜ. ಕೆಟ್ಟರೆ ಕೆಡಲಿ.

ಕಿವಿ ಮಂದವಾದ ದೊಡ್ಡಪ್ಪನವರು ಅದೇ ಕೋಣೆಯಲ್ಲಿದ್ದರೆ ಸಂಗತಿ ಇನ್ನಷ್ಟು ತೊಡಕು. ಯಾವ ಭಾಷೆಗೆ ಡಬ್ ಮಾಡಿದರೂ ಅವರಿಗೆ ಅದು ಮೌನವೇ. ಬಾಗಿಲು ಬಡಿದ ಸದ್ದನ್ನೂ ಅಕ್ಷರದಲ್ಲಿ ತೋರಿಸುವ ಸಬ್‌ಟೈಟಲ್ ಅವರಿಗೆ ಬೇಕು. ಆಗ ಅಜ್ಜಿಗೆ ಕನ್ನಡ ಧ್ವನಿ, ದೊಡ್ಡಪ್ಪನವರಿಗೆ ಕನ್ನಡ ಅಕ್ಷರ, ಎರಡನ್ನೂ ಒಟ್ಟಿಗೆ ಹಾಕಿ. ಎರಡನ್ನೂ ಬರೆದವರು ಬೇರೆಬೇರೆಯಾದ್ದರಿಂದ ಕೇಳಿದ್ದೊಂದು, ಓದಿದ್ದೊಂದು ಆಗುವುದುಂಟು. ಮಕ್ಕಳು ನಕ್ಕರೆ ನಗಲಿ, ಅಕ್ಷರ ಅಡ್ಡವಾಯಿತೆಂದು ಗೊಣಗಿದರೂ ಅದನ್ನು ತೆಗೆಯಬೇಡಿ.