ಅಟ್ಟದ ಮೇಲಿನ ಮದ್ದು ಮತ್ತು ಶ್ರಾವಕನ ವ್ರತ

“ಬಂದೂಕು ಮನೆಯಲ್ಲಿದೆ, ಮದ್ದೂ ಇದೆ, ಆದರೆ ನಾವು ಹಾರಿಸುವವರಲ್ಲ, ಆದುದರಿಂದ ವ್ರತಕ್ಕೆ ಭಂಗವಿಲ್ಲ” ಎಂಬ ಮಾತು ನಮ್ಮ ಒಕ್ಕಲುತನದ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾರಿಸದೆ ಇರುವುದರಿಂದಲೇ ದೋಷವು ಪರಿಹಾರವಾಗುವುದೇ ಎಂಬುದು ವಿಚಾರಣೀಯವಾದ ವಿಷಯ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಗೆ ಮದ್ದಿನ ಹೊಗೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದುದಕ್ಕೆ ಮದ್ದಿನಲ್ಲಿ ಸೆಗಣಿ ಬೆರೆಸಿದ ದ್ರೋಹವೇ ಕಾರಣವೆಂದು ಜನರು ಇಂದಿಗೂ ಹೇಳುತ್ತಾರೆ. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಗೆ ಮಣಿಯದೆ ಹಲಗಲಿಯ ಬೇಡರು ಪ್ರಾಣ ತೆತ್ತರು. ಮರುವರ್ಷ ರಾಮದುರ್ಗದ ಬಳಿಯ ಸುರೇಬಾನದಲ್ಲಿ ಮ್ಯಾನ್ಸನ್ನನ ವಧೆಯಾಯಿತು. ಇಂತಹ ನಾಡಿನಲ್ಲಿ ಅಜ್ಜನ ಬಂದೂಕನ್ನು ಕುಲದ ಗೌರವವೆಂದು ಎಣಿಸುವವರನ್ನು ನಾನು ಹಳಿಯಲಾರೆ.

ಜಿನಧರ್ಮವು ಶಸ್ತ್ರವನ್ನೇ ಅರಿಯದ ಧರ್ಮವೂ ಅಲ್ಲ. ಸವದತ್ತಿಯನ್ನು ರಾಜಧಾನಿಯಾಗಿ ಆಳಿದ ರಟ್ಟರು ಬಸದಿಗಳಿಗೆ ದತ್ತಿ ಬಿಟ್ಟರು, ಯುದ್ಧವನ್ನೂ ಮಾಡಿದರು. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂಬ ನಾಲ್ಕು ಬಗೆಯ ಹಿಂಸೆಗಳಲ್ಲಿ ಗೃಹಸ್ಥನು ಪೂರ್ಣವಾಗಿ ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು. ಜೋಳದ ಹೊಲಕ್ಕೆ ಹಂದಿಯ ಹಿಂಡು ನುಗ್ಗಿದಾಗ ಗುಂಡಿಲ್ಲದೆ ಬರಿಯ ಮದ್ದಿನ ಸಪ್ಪಳದಿಂದ ಬೆದರಿಸುವ ರೈತನು ಪರವಾನಿಗೆ ಪಡೆದವನಾಗಿದ್ದರೆ, ಅವನನ್ನು ವ್ರತಭ್ರಷ್ಟನೆನ್ನಲು ನನ್ನ ನಾಲಗೆ ಏಳುವುದಿಲ್ಲ.

ಆದರೆ ಅಟ್ಟದ ಮೇಲಿನ ಮದ್ದಿನ ಮಾತು ಬೇರೆ. ಉಮಾಸ್ವಾಮಿ ಆಚಾರ್ಯರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಒಲೆಯ ಮೇಲ್ಗಡೆಯ ನಾಗಂದಿಗೆಯಲ್ಲಿ ಮದ್ದಿನ ಗಡಿಗೆ, ಪಕ್ಕದಲ್ಲಿಯೇ ಕೇಪುಗಳ ಡಬ್ಬಿ, ಕೆಳಗೆ ಆಡುವ ಮೊಮ್ಮಕ್ಕಳು. ಇದು ಪ್ರಮಾದವಲ್ಲದೆ ಮತ್ತೇನು? ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಈ ಮಿಶ್ರಣಕ್ಕೆ ಒಂದು ಕಿಡಿ ಸಾಕು. ಕೇಪಿಗೆ ಒಂದು ಪೆಟ್ಟು ಸಾಕು. ಹಳೆಯದಾದುದರಿಂದ ಸತ್ತಿದೆ ಎಂಬುದೂ ಭ್ರಮೆ. ಒಣಗಿದ ಸ್ಥಳದಲ್ಲಿ ಮದ್ದಿಗೆ ಮುಪ್ಪಿಲ್ಲ. ತೇವದಿಂದ ಮಂಕಾದದ್ದೂ ಒಣಗಿದ ಮೇಲೆ ಉರಿಯಬಲ್ಲದು. ಕರ್ಮಶಾಸ್ತ್ರವನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟಿದ ಕರ್ಮವು ಅಬಾಧಾಕಾಲದಲ್ಲಿ ಸದ್ದಿಲ್ಲದೆ ಸತ್ತೆಯಲ್ಲಿರುತ್ತದೆ. ಉದಯವಿಲ್ಲವೆಂದ ಮಾತ್ರಕ್ಕೆ ಬಂಧವಿಲ್ಲವೆಂದು ಯಾರೂ ಹೇಳರು. ನೀರನ್ನು ಸೋಸಿ ಕುಡಿಯುವ ನಾವು, ಕಾಣದ ಜೀವಕ್ಕೆ ಅಂಜಿ ರಾತ್ರಿಭೋಜನ ಬಿಟ್ಟ ನಾವು, ದಶಲಕ್ಷಣ ಪರ್ವದ ಉಪವಾಸದಲ್ಲಿ ಆ ಗಡಿಗೆಯ ಕೆಳಗೆಯೇ ಕುಳಿತು ಸಾಮಾಯಿಕ ಮಾಡುತ್ತೇವೆ!

ಇನ್ನೊಂದು ದೋಷವು ಇದಕ್ಕಿಂತ ಘೋರವಾದುದು. ಇದ್ದ ಮದ್ದನ್ನು ನೆರೆಯವರು ಕೇಳಲು ಬರುತ್ತಾರೆ. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸಿ, ಕೊಡಲಿ, ಖಡ್ಗ, ಗುದ್ದಲಿ, ಬೆಂಕಿ, ಸಂಕೋಲೆ ಮೊದಲಾದ ಹಿಂಸೋಪಕರಣಗಳನ್ನು ಕೊಡುವುದೇ ದೋಷವೆಂದರು. ಹಂದಿಗೆಂದು ಹಿಟ್ಟಿನಲ್ಲೋ ಹಣ್ಣಿನಲ್ಲೋ ಸಿಡಿಮದ್ದನ್ನಿಟ್ಟು ಹೊಲದಂಚಿನಲ್ಲಿ ಎಸೆಯುವ ಕ್ರೂರ ಪದ್ಧತಿಯನ್ನು ಕೇಳದವರಿಲ್ಲ. ಅದನ್ನು ಕಚ್ಚಿದ ಆಕಳಿನ ದವಡೆ ಸೀಳಿಹೋಗುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿಯಾದ ಆನೆಯೊಂದು ಇಂತಹ ಸಿಡಿಮದ್ದಿನಿಂದ ಬಾಯಿ ಹರಿದು, ಆಹಾರವಿಲ್ಲದೆ ನದಿಯ ನೀರಿನಲ್ಲಿ ನಿಂತೇ ಸತ್ತಿತು. ಒಂದು ಹಿಡಿ ಮದ್ದನ್ನು ದಾಕ್ಷಿಣ್ಯಕ್ಕೆ ಕೊಟ್ಟವನು, “ನಾನು ಹಾರಿಸಲಿಲ್ಲ” ಎಂದು ಹೇಳಿ ಈ ಪಾಪದಿಂದ ಪಾರಾಗಲಾರನು. ವಿರೋಧೀ ಹಿಂಸೆಯೆಂಬ ಸಮಾಧಾನವೂ ಇಲ್ಲಿ ಸಲ್ಲದು. ಅವನಿಗೆ ವಿರೋಧಿಯಾಗಿ ಬಂದವರು ಯಾರು?

ಪರವಾನಿಗೆಯಿಲ್ಲದೆ ಇಟ್ಟುಕೊಂಡಿದ್ದರೆ ಅಚೌರ್ಯಾಣುವ್ರತಕ್ಕೂ ಕುಂದು. ವಿರುದ್ಧರಾಜ್ಯಾತಿಕ್ರಮವು ಆ ವ್ರತದ ಅತಿಚಾರಗಳಲ್ಲೊಂದೆಂಬುದನ್ನು ನಮ್ಮವರು ತೆರಿಗೆಯ ವಿಷಯದಲ್ಲಿ ಮಾತ್ರ ನೆನೆಯುತ್ತಾರೆ. 1884ರ ಸ್ಫೋಟಕ ಕಾಯಿದೆ ಮತ್ತು 1959ರ ಆಯುಧ ಕಾಯಿದೆಗಳು ಅಜ್ಜನ ಕಾಲದ ಬಂದೂಕೆಂದು ಸುಮ್ಮನೆ ಬಿಡುವುದಿಲ್ಲ.

ಹಾಗಾದರೆ ಮದ್ದನ್ನು ಏನು ಮಾಡಬೇಕು? ಒಲೆಗೆ ಹಾಕುವುದು ಆತ್ಮಘಾತ; ಬಾವಿಗೆ ಸುರಿದರೆ ತ್ರಸಜೀವಿಗಳ ನಾಶ. ತಾನಾಗಿ ಮುಟ್ಟದೆ, ಸಮೀಪದ ಪೊಲೀಸ್ ಠಾಣೆಗೆ ತಿಳಿಸಿ, ಬಲ್ಲವರ ಕೈಯಿಂದ ಸಾಗಿಸುವುದೇ ಉಚಿತ. ಗೋಡೆಗೆ ತೂಗುಹಾಕಿದ ಬಂದೂಕಿನ ವಿಷಯವನ್ನೂ ಆಗಲೇ ಹೇಳಬೇಕು. ಬಾಯಿಯಿಂದ ತುಂಬುವ ಬಂದೂಕನ್ನು ಹಿಂದಿನವರು ಎಷ್ಟೋ ಸಲ ತುಂಬಿಯೇ ಇಟ್ಟುಬಿಡುತ್ತಿದ್ದರು. ನಳಿಕೆಯ ತಳದಲ್ಲಿ ಆ ಮದ್ದು ಇಂದಿಗೂ ಇರಬಹುದು.